ಹದಿನಾರು ಪೆಟ್ಟಿನ ದಂಡ

ಮಾನ್ಯ ವಾಚಕ ಮಹಾಶಯರೇ,

ಈ ಕೆಳಗೆ ನಿರೂಪಿತವಾಗಲಿರುವ ವೃತ್ತಾಂತದಲ್ಲಿ ಕೊಲೆಯಿಲ್ಲ, ದರೋಡೆಯಿಲ್ಲ, ಮುಸುಕು ಧರಿಸಿ ರೈಲಿನಿಂದ ಧುಮುಕುವ ಸುಂದರಿಯೂ ಇಲ್ಲ. ಇರುವುದು ಇಳಿಜಾರಿನಲ್ಲಿ ತೋಡಿದ ಒಂದು ಮರಳಿನ ಹೊಂಡ, ಅದರೊಳಗೆ ಬಿದ್ದ ಲಿಂಬೆಹಣ್ಣಿನ ಗಾತ್ರದ ಒಂದು ಬಿಳಿಯ ಚೆಂಡು, ಆ ಚೆಂಡನ್ನು ಒಂದೇ ಪೆಟ್ಟಿಗೆ ಹೊರಗೆ ಹಾರಿಸದಿದ್ದರೆ ಹೊಟ್ಟೆಪಾಡಿನ ದಾರಿಯನ್ನೇ ಕಳೆದುಕೊಳ್ಳಲಿದ್ದ ಒಬ್ಬ ಮನುಷ್ಯ. ಇಷ್ಟು ಅಲ್ಪ ಸಾಮಗ್ರಿಯಿಂದ ತಮ್ಮ ಅಮೂಲ್ಯ ಸಮಯಕ್ಕೆ ನ್ಯಾಯ ಸಲ್ಲೀತೇ ಎಂಬ ಸಂಶಯ ತಮಗೆ ಬಂದರೆ ಅದು ಸಹಜವೇ. ಆದರೂ ಒಂದು ಗಳಿಗೆ ಕುಳಿತು ಆಲಿಸಬೇಕೆಂದು ಸವಿನಯ ಬಿನ್ನಹ.

ಆ ಮನುಷ್ಯನ ಹೆಸರು ಸಿದ್ದರಾಯ. ಬಸವನ ಬಾಗೇವಾಡಿಯಿಂದ ಮುದ್ದೇಬಿಹಾಳದ ಕಡೆಗೆ ಹೋಗುವ ದಾರಿಯಲ್ಲಿ, ಕಾಲುವೆಯ ಕೆಲಸಕ್ಕೆಂದು ಕಟ್ಟಿದ್ದ ತಗಡಿನ ಮನೆಗಳ ಕ್ಯಾಂಪಿನಲ್ಲಿ ಅವನು ಹನ್ನೆರಡು ವರ್ಷಗಳಿಂದ ಮಾಲಿಯಾಗಿದ್ದ. ಅವನ ತೋಟದಲ್ಲಿ ಹೂವಿರಲಿಲ್ಲ. ಕಾಲುವೆ ತೋಡುವಾಗ ಎತ್ತಿ ಹಾಕಿದ ಎರೆಮಣ್ಣು, ಗರಸು, ಕಲ್ಲುಗಳ ದಿಬ್ಬಗಳ ಮೇಲೆ ಕ್ಯಾಂಪಿನ ಮೊದಲ ಮುಖ್ಯಸ್ಥರಾದ ಚನ್ನಬಸಯ್ಯನವರು ಆರು ಕುಳಿಗಳ ಒಂದು ಗಾಲ್ಫ್ ಮೈದಾನ ಮಾಡಿಸಿದ್ದರು. ಕೋಲಿನಿಂದ ಹೊಡೆದು ಚೆಂಡನ್ನು ಕುಳಿಗೆ ಬೀಳಿಸುವ ಆಟ; ಕಡಿಮೆ ಪೆಟ್ಟಿಗೆ ಮುಗಿಸಿದವನು ಗೆದ್ದ. ಬೆಳಗಾವಿಯಲ್ಲಿದ್ದಾಗ ಹತ್ತಿದ ಚಟ ಅದು; ಬಯಲುಸೀಮೆಗೆ ವರ್ಗವಾದರೂ ಬಿಡಲಿಲ್ಲ. ಹುಲ್ಲು ಹಿಡಿಯದ ಆ ನೆಲದಲ್ಲಿ ಕುಳಿಗಳ ಸುತ್ತ ಸುಟ್ಟ ಎಂಜಿನ್ ಎಣ್ಣೆ ಕಲಸಿದ ಮರಳನ್ನು ದುಂಡಗೆ ಹರಡಿ ನುಣುಪು ಮಾಡಿರುತ್ತಿದ್ದರು. ಅದಕ್ಕೆ ಬ್ರೌನ್ ಎಂದು ಹೆಸರು. ಆಟಗಾರನ ಚೆಂಡು ಸುಲಭವಾಗಿ ಅಲ್ಲಿಗೆ ತಲುಪದಿರಲೆಂದು ಅದರ ಅಕ್ಕಪಕ್ಕ ಮರಳಿನ ಹೊಂಡಗಳು. ಇಂಗ್ಲಿಷ್ ಬಲ್ಲವರು ಬಂಕರ್ ಎನ್ನುತ್ತಿದ್ದರು, ಕ್ಯಾಂಪಿನ ಉಳಿದವರಿಗೆಲ್ಲ ಅದು ಉಸುಕಿನ ತೆಗ್ಗು.

ದಿಬ್ಬದ ಮೇಲೆ ಮಾಡಿದ ಮೈದಾನವಾದ್ದರಿಂದ ಒಂದು ತೆಗ್ಗಿಗೂ ಸಮತಲವಾದ ತಳವಿರಲಿಲ್ಲ. ಒಂದರಲ್ಲಿ ಚೆಂಡು ಪಾದಕ್ಕಿಂತ ಮೇಲೆ ನಿಲ್ಲುತ್ತಿತ್ತು, ಇನ್ನೊಂದರಲ್ಲಿ ಕೆಳಗೆ. ಒಮ್ಮೆ ಏರಿಗೆ ಎದೆಕೊಟ್ಟು ಹೊಡೆಯಬೇಕು, ಇನ್ನೊಮ್ಮೆ ಇಳಿಜಾರಿನ ಜೊತೆಗೇ ಜಾರಬೇಕು. ಇಂಥ ಜಾಗದಲ್ಲಿ ಚೆಂಡಿಗೆ ಹೊಡೆದವನು ಕೆಟ್ಟ. ಚೆಂಡಿನ ಹಿಂದೆ ಎರಡು ಬೆರಳು ಬಿಟ್ಟು ಮರಳಿಗೆ ಹೊಡೆಯಬೇಕು, ಮರಳೇ ಚೆಂಡನ್ನು ಎತ್ತಿ ಒಯ್ಯಬೇಕು. ಇದನ್ನು ಚನ್ನಬಸಯ್ಯನವರು ಪುಸ್ತಕ ಓದಿ ತಿಳಿದಿದ್ದರು. ಸಿದ್ದರಾಯನಿಗೆ ತಿಳಿದದ್ದು ಕಾಲಿನಿಂದ.

ಮೊದಲು ಅವನು ಇಂಡಿ ತಾಲೂಕಿನ ಲಚ್ಯಾಣದ ಆಸುಪಾಸಿನಲ್ಲಿ ಕುರಿ ಕಾಯುತ್ತಿದ್ದ. ಕಾಲುವೆಯ ಕೂಲಿಗೆ ಬಂದ ಮೊದಲ ವರ್ಷವೇ ದಂಡೆ ಜರಿದು ಎಡಗಾಲು ಬಂಡೆಯ ಕೆಳಗೆ ಸಿಕ್ಕಿತು. ಎಲುಬು ಕೂಡಿತು, ಆದರೆ ಮೊಣಕಾಲಿನ ಕೆಳಗೆ ಎರಡು ಬೆರಳಿನಷ್ಟು ಗಿಡ್ಡವಾಗಿ ಕೂಡಿತು. ಸಮನೆಲದ ಮೇಲೆ ಅವನು ಗಾಳಿಗೆ ವಾಲಿದ ಜೋಳದ ದಂಟಿನಂತೆ ಕಾಣುತ್ತಿದ್ದ. ಎಡಗಾಲು ಏರಿನ ಕಡೆಗಿರುವ ತೆಗ್ಗಿನಲ್ಲಿ ಇಳಿದು ನಿಂತರೆ ಮಾತ್ರ ಹೆಗಲೆರಡೂ ಸರಿಹೊಂದಿ ನೇರವಾಗಿಬಿಡುತ್ತಿದ್ದ. ಓರೆ ನೆಲದಲ್ಲಿ ಮೈಯನ್ನು ಹೇಗೆ ಹೊಂದಿಸಬೇಕೆಂಬುದನ್ನು ಅವನು ಪ್ರತಿ ಹೆಜ್ಜೆಗೂ ಕಲಿಯುತ್ತಲೇ ಇದ್ದ. ನೋಡುತ್ತ ನೋಡುತ್ತ ಮಾಲಿಯಾದವನು ತೆಗ್ಗಿನಿಂದ ಚೆಂಡು ಎತ್ತುವುದರಲ್ಲಿ ಎಂಜಿನಿಯರುಗಳಿಗೆ ಗುರುವಾದ.

ಆ ತೆಗ್ಗುಗಳಿಗೆ ಮರಳು ಬಂದದ್ದು ಭೀಮಾ ನದಿಯಿಂದ. ಮೊದಲ ಲಾರಿ ಬಂದು ಮರಳು ಸುರಿದ ದಿನ ಸಿದ್ದರಾಯ ಬಗ್ಗಿ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಿದ್ದ. ತನ್ನೂರ ಹೊಳೆಯಲ್ಲವೇ! ಅದನ್ನು ನೋಡಿದ ಚನ್ನಬಸಯ್ಯನವರಿಗೆ ಮನಸ್ಸು ತುಂಬಿ ಬಂದು, ತಾವೂ ಮುಟ್ಟಿ ಕಣ್ಣಿಗೊತ್ತಿಕೊಂಡರು. ದೊಡ್ಡ ಸಾಹೇಬರು ಮಾಡಿದ ಮೇಲೆ ಸಣ್ಣ ಸಾಹೇಬರು ಬಿಡುವರೇ? ತೆಗ್ಗಿಗೆ ಇಳಿದವರು ಮೊದಲು ಮರಳು ಮುಟ್ಟಿ ನಮಸ್ಕರಿಸಿ, ಆಮೇಲೆ ಕೋಲು ಎತ್ತುವುದು ಆ ಮೈದಾನದ ಪದ್ಧತಿಯಾಯಿತು. ಚನ್ನಬಸಯ್ಯನವರು ನಿವೃತ್ತರಾಗಿ ಮುದ್ದೇಬಿಹಾಳದಲ್ಲಿ ನೆಲೆಸಿದ ಮೇಲೂ ಅದು ತಪ್ಪಲಿಲ್ಲ. ಗಾಲ್ಫ್ ಹೀಗೆಯೇ ಆಡಬೇಕೆಂದು ಎಲ್ಲರೂ ನಂಬಿದ್ದರು.

ಹಾಗೆ ನಂಬಿದವರಲ್ಲಿ ಈಗಿನ ಮುಖ್ಯಸ್ಥರಾದ ಸಿಂದಗಿಯ ಸಂಗಮೇಶ ಸಾಹೇಬರೂ ಒಬ್ಬರು. ೧೯೯೯ರ ಡಿಸೆಂಬರ್ ಮೊದಲ ವಾರದಲ್ಲಿ ಅವರು ಬೆಳಗಾವಿಯ ಒಂದು ಕ್ಲಬ್ಬಿನ ಪಂದ್ಯಕ್ಕೆ ಉತ್ಸಾಹದಿಂದ ಹೋದರು, ಮುಖ ಕೆಂಪಗೆ ಮಾಡಿಕೊಂಡು ತಿರುಗಿ ಬಂದರು. ಬಂದವರು ನಾಲ್ಕು ದಿನ ಮೈದಾನದ ಕಡೆ ತಲೆಹಾಕಲಿಲ್ಲ.

ಸುದ್ದಿ ತಂದವನು ನೀರಿನ ಟ್ಯಾಂಕರಿನ ಡ್ರೈವರ್ ಯಾಕೂಬಸಾಬ. ಸಾಹೇಬರ ಜೀಪು ಓಡಿಸುವವನ ಜೊತೆ ಚಹಾ ಕುಡಿದು ಬಂದಿದ್ದ.

"ಏ ಸಿದ್ದ್ಯಾ, ನಿನ್ನ ನಮಸ್ಕಾರ ಸಾಹೇಬ್ರ ಮರ್ಯಾದಿ ತಗೀತು ನೋಡಪಾ."

"ಏನಾತೋ?"

"ಆ ಆಟದ ಕಾನೂನಿನಾಗ ಐತಂತ, ತೆಗ್ಗಿನಾಗ ಚೆಂಡು ಹೊಡಿಯೂಕಿಂತ ಮೊದಲ ಉಸುಕಿಗೆ ಕೈ ಹಚ್ಚಬಾರದು, ಕೋಲೂ ಹಚ್ಚಬಾರದು. ಹಚ್ಚಿದರ ಎರಡು ಪೆಟ್ಟು ದಂಡ. ಸಾಹೇಬ್ರು ಎಂಟು ಸಲ ತೆಗ್ಗಿಗೆ ಬಿದ್ದರಂತ, ಎಂಟು ಸಲಾನೂ ಬಗ್ಗಿ ಮುಟ್ಟಿ ಕಣ್ಣಿಗೆ ಹಚ್ಚಿಕೊಂಡರಂತ. ಎಂಟೆರಡಲೆ?"

"ಹದಿನಾರು," ಎಂದ ಸಿದ್ದರಾಯ.

"ಹೂಂ. ಅಷ್ಟಕ್ಕ ಮುಗೀಲಿಲ್ಲ. ಐತವಾರ ಆ ಕ್ಲಬ್ಬಿನ ಸೆಕ್ರೆಟರಿ ಬಾಯಿ ಇಲ್ಲಿಗೇ ಬರಾಕತ್ತಾಳಂತ. ಇದನ್ನ ಕಲಿಸಿದಾಂವ ಯಾರು, ಅವನ್ನ ನಾ ನೋಡಬೇಕು ಅಂದಾಳಂತ. ನೀ ಒಂದು ಕೆಲಸ ಮಾಡು, ಆವತ್ತ ನನ್ನ ಟ್ಯಾಂಕರಿನಾಗ ಕುಂದ್ರು. ಮುಚ್ಚಳ ಹಾಕಿಬಿಡ್ತೇನಿ."

ಯಾಕೂಬಸಾಬ ನಕ್ಕ. ಸಿದ್ದರಾಯನಿಗೆ ನಗು ಬರಲಿಲ್ಲ. ಕಾಲುವೆಯ ಕೆಲಸ ಮುಗಿಯುತ್ತ ಬಂದು ಮಾರ್ಚಿಗೆ ಕ್ಯಾಂಪು ಎತ್ತುವುದೆಂದು ತೀರ್ಮಾನವಾಗಿತ್ತು. ಯಾರನ್ನು ಬೇರೆ ಕಡೆ ಒಯ್ಯಬೇಕು, ಯಾರನ್ನು ಬಿಡಬೇಕು ಎಂಬ ಪಟ್ಟಿ ಸಂಗಮೇಶ ಸಾಹೇಬರ ಮೇಜಿನ ಮೇಲಿತ್ತು. ಬಿಟ್ಟರೆ ಅವನಿಗೆ ಉಳಿದದ್ದು ಹೆಂಡತಿಯ ತವರಿನವರ ಕುರಿಹಿಂಡು. ಹಿಂಡೆಂದರೆ ದಿನಕ್ಕೆ ಐದಾರು ಹರದಾರಿ ನಡಿಗೆ. ಅವನಿಗೋ ಒಂದು ಹರದಾರಿ ನಡೆದರೆ ಸೊಂಟ ಹಿಡಿಯುತ್ತಿತ್ತು. ಹಿಂಡಿನ ಹಿಂದೆ ನಡೆಯಲಾಗದ ಅಳಿಯನನ್ನು ಹಿಂಡಿನ ಜೊತೆಗೆ ಹೇರಿಕೊಂಡು ಹೋಗುವವರು ಯಾರು?

ಮನೆಗೆ ಬಂದು ಹೆಂಡತಿ ಕಾವೇರಿಗೆ ಎಲ್ಲವನ್ನೂ ಹೇಳಿದ. ಅವಳು ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ಮುಟ್ಟಿ ನಮಸ್ಕಾರ ಮಾಡಿದ್ದಕ್ಕ ದಂಡ ಹಾಕ್ತಾರಂದರ ಅದೆಂಥಾ ಆಟರಿ? ಬರಲಿ ಬಿಡ್ರಿ ಆಕಿ. ಉಂಡು ಹೋಗಲಿ. ಬೈಯೂದಿದ್ದರ ಉಂಡ ಮ್ಯಾಲ ಬೈಲಿ."

ಆದಿತ್ಯವಾರ ಬಂತು. ಎಳೆಬಿಸಿಲಿನಲ್ಲಿ ಬಿಳಿಯ ಕಾರೊಂದು ಬಂದು ನಿಂತಿತು. ಇಳಿದವರು ಐವತ್ತೈದು ದಾಟಿದ, ಇಳಕಲ್ ಸೀರೆಯ ಮೇಲೆ ಸ್ವೆಟರು ತೊಟ್ಟು ಕಾಲಿಗೆ ಕ್ಯಾನ್ವಾಸಿನ ಬೂಟು ಹಾಕಿದ ವಿದ್ಯಾವತಿಬಾಯಿ. ಬೆಳಗಾವಿಗೆ ಮದುವೆಯಾಗಿ ಹೋಗಿ ಮೂವತ್ತು ವರ್ಷವಾಗಿದ್ದರೂ ಹಲಸಂಗಿಯ ಮಗಳು. ಬಾಯಿ ತೆರೆದೊಡನೆ ಊರು ತಿಳಿಯುತ್ತಿತ್ತು. ಸಂಗಮೇಶ ಸಾಹೇಬರು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು. ಯಾಕೂಬಸಾಬ ಟ್ಯಾಂಕರನ್ನು ಅನಗತ್ಯವಾಗಿ ಅಲ್ಲಿಯೇ ನಿಲ್ಲಿಸಿ, ಅದರ ಗಾಲಿಗೆ ಏನೋ ಆದಂತೆ ನೋಡುತ್ತಿದ್ದ.

"ನೀನೇನು ಸಿದ್ದರಾಯ?" ಎಂದರು ವಿದ್ಯಾವತಿಬಾಯಿ.

"ಹೌದ್ರಿ ಬಾಯಾರ. ತಪ್ಪಾತ್ರಿ. ಕಾನೂನು ಗೊತ್ತಿರಲಿಲ್ರಿ. ಸಾಹೇಬ್ರದೇನೂ ತಪ್ಪಿಲ್ರಿ, ನಾ ಮಾಡೂದು ನೋಡಿ ಅವರು—"

"ನಿಂದ್ರು, ನಿಂದ್ರು. ನಾ ಬೈಯಾಕ ಬಂದಿಲ್ಲ ತಮ್ಮಾ. ನಿಮ್ಮ ಸಾಹೇಬ್ರು ಎಂಟು ಸಲ ತೆಗ್ಗಿಗೆ ಬಿದ್ದರು. ದಂಡದ ಮಾತು ಬಿಡು. ಎಂಟಕ್ಕ ಎಂಟೂ ಒಂದೇ ಪೆಟ್ಟಿಗೆ ಹೊರಗ ಬಂದವು. ಅದೂ ನಮ್ಮಲ್ಲಿ ಮಳಿಗೆ ಕೊರದು ಸೊಟ್ಟಾಗಿ ನಿಂತ ತೆಗ್ಗು. ಇಪ್ಪತ್ತು ವರ್ಷದಿಂದ ಆಡೋ ಮಂದಿ ಅದರಾಗ ಐದಾರು ಸಲ ಕೆಬರಿ ಕೆಬರಿ, ಕಡೀಕ ಚೆಂಡು ಕೈಯಾಗ ಎತ್ತಿಕೊಂಡು ಬರ್ತಾರ. ಇವರಿಗೆ ಇದನ್ನ ಕಲಿಸಿದಾಂವನ್ನ ನೋಡಬೇಕು ಅನ್ನಿಸ್ತು, ಬಂದೆ."

ಸಿದ್ದರಾಯ ಸಾಹೇಬರ ಮುಖ ನೋಡಿದ. ಸಾಹೇಬರು ತಮ್ಮ ಬೂಟು ನೋಡಿಕೊಂಡರು.

ವಿದ್ಯಾವತಿಬಾಯಿ ಸುತ್ತುಬಳಸಿನ ಮಾತಿನವರಲ್ಲ. ಅವರ ಕ್ಲಬ್ಬಿನಲ್ಲಿ ಸದಸ್ಯರ ಜೊತೆ ಆಡುತ್ತ ಆಟ ಕಲಿಸುವ ಒಬ್ಬನ ಜಾಗ ಖಾಲಿಯಿತ್ತು. ಅವನಿಗೆ ಮಾರ್ಕರ್ ಎನ್ನುತ್ತಾರೆ. ಇರಲು ಎರಡು ಕೋಣೆಯ ಮನೆ, ತಿಂಗಳ ಪಗಾರ. ಪುಣೆಯಿಂದ ಒಬ್ಬ ಆಗಲೇ ಬಂದು ಕೇಳಿ ಹೋಗಿದ್ದ. "ನೀ ಆದರ ನೀ, ಇಲ್ಲಂದರ ಆಂವ. ಮಾತಿನಾಗ ನನಗ ತಿಳಿಯಂಗಿಲ್ಲ, ಹೊಡದು ತೋರಿಸು," ಎನ್ನುತ್ತ ಅವರು ಮೂರನೆಯ ಕುಳಿಯ ಪಕ್ಕದ ದೊಡ್ಡ ತೆಗ್ಗಿಗೆ ಇಳಿದು ನಾಲ್ಕು ದಿಕ್ಕಿನ ಓರೆಯಲ್ಲಿ ನಾಲ್ಕು ಚೆಂಡು ಇಟ್ಟು ಬಂದರು. ನಾಲ್ಕೂ ಒಂದೊಂದೇ ಪೆಟ್ಟಿಗೆ ಹೊರಬಂದು ಬ್ರೌನಿನ ಮೇಲೆ ನಿಲ್ಲಬೇಕು. ಒಂದು ಉಳಿದರೂ ಪುಣೆಯವನಿಗೆ ಕಾಗದ.

ಸಿದ್ದರಾಯ ಕೋಲು ಹಿಡಿದು ತೆಗ್ಗಿಗೆ ಇಳಿದ. ಇಳಿದವನೇ ಬಗ್ಗಿ ಮರಳು ಮುಟ್ಟಿ ಕಣ್ಣಿಗೊತ್ತಿಕೊಂಡ.

"ಯಾ ಅಲ್ಲಾ!" ಎಂದ ಯಾಕೂಬಸಾಬ. ಸಂಗಮೇಶ ಸಾಹೇಬರು ಹಣೆ ಹಿಡಿದುಕೊಂಡರು.

"ನೋಡಿದ್ಯಾ?" ಎಂದರು ವಿದ್ಯಾವತಿಬಾಯಿ, ಧ್ವನಿ ಗಟ್ಟಿ ಮಾಡಿ. "ನಮ್ಮ ಕ್ಲಬ್ಬಿಗೆ ಬಂದು ಇದನ್ನ ನೂರು ಮಂದಿಗೆ ಕಲಿಸಿದೆಂದರ ನಾವು ಊರೂರು ಸೋತು ಬರಬೇಕಾಕ್ಕೈತಿ. ಇದೊಂದು ನಾ ನೋಡಿಲ್ಲ. ಇನ್ನೊಮ್ಮೆ ಕೈ ಉಸುಕಿಗೆ ಹತ್ತಿತೋ, ನಾ ಕಾರು ಹತ್ತಿದೆ."

ಸಿದ್ದರಾಯ ಮೇಲೆ ಬಂದು ಮತ್ತೆ ಇಳಿದ. ಈ ಸಲ ಬಲಗೈಯನ್ನು ಅಂಗಿಯ ಜೇಬಿನಲ್ಲಿ ತುರುಕಿಕೊಂಡಿದ್ದ. ಚೆಂಡಿನ ಮುಂದೆ ನಿಂತ. ನಿಂತಲ್ಲಿ ಮೈ ನಿಲ್ಲಲಿಲ್ಲ. ಹನ್ನೆರಡು ವರ್ಷ ಒಂದು ದಿನವೂ ಮುಟ್ಟದೆ ಕೋಲು ಎತ್ತಿದವನಲ್ಲ. ಕೇಳದೆ ಪರರ ಅಡುಗೆಮನೆಗೆ ನುಗ್ಗಿದಂತಾಯಿತು. ಜೇಬಿನಿಂದ ಕೈ ತೆಗೆದರೆ ಅದು ನೆಲದ ಕಡೆಗೇ ಹೊರಟಿತು. ಅರ್ಧ ಬಗ್ಗಿದವನು ಬೆಚ್ಚಿ ನೆಟ್ಟಗಾಗಿ, ಬೆವರಿ, ಮತ್ತೆ ಮೇಲೆ ಹತ್ತಿದ.

"ಆಗವಲ್ದರಿ ಬಾಯಾರ," ಎಂದ. "ನನ್ನ ಕೈ ನನ್ನ ಮಾತು ಕೇಳವಲ್ದು."

ಬುತ್ತಿಯ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಆಗ ತಾನೇ ಬಂದು ನಿಂತಿದ್ದ ಕಾವೇರಿ ಗಂಡನ ಮುಖ ನೋಡಿದಳು, ತೆಗ್ಗು ನೋಡಿದಳು, ಬಾಯಿಯವರನ್ನು ನೋಡಿದಳು.

"ಅಕ್ಕಾರ, ಒಂದು ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಒಳಗಿನ ಉಸುಕು ಮುಟ್ಟಬಾರದು ಅಷ್ಟ ಹೌದಲ್ಲರಿ? ಹೊರಗಿನ ದಂಡಿ ಮುಟ್ಟಿದರ?"

"ಹೊರಗ ಏನು ಬೇಕಾದರೂ ಮುಟ್ಟಲಿ. ಅದಕ್ಕ ದಂಡಿಲ್ಲ."

"ಮತ್ತೇನು!" ಎಂದು ಅವಳು ಗಂಡನ ಕಡೆ ತಿರುಗಿದಳು. "ಯಾರ ಮನಿಗರ ಹ್ವಾದರ ನಡಮನಿತನಕ ಹೋಗಿ ನಮಸ್ಕಾರ ಮಾಡ್ತೀರೇನು? ಹೊಸ್ತಿಲಾ ಮುಟ್ಟಿ ಒಳಗ ಕಾಲಿಡ್ತೀರಿ ಹೌದಿಲ್ಲೊ? ಇದೂ ಹಂಗ ಅಂತ ತಿಳೀರಿ. ಮ್ಯಾಲ ಮುಟ್ಟರಿ, ಒಳಗ ಇಳೀರಿ."

ವಿದ್ಯಾವತಿಬಾಯಿ ಬಾಯಿ ತೆರೆದವರು ಮುಚ್ಚಿಕೊಂಡು, ಆಮೇಲೆ ಜೋರಾಗಿ ನಕ್ಕುಬಿಟ್ಟರು. ಸಂಗಮೇಶ ಸಾಹೇಬರ ಮುಖ ಮಾತ್ರ ನೋಡುವಂತಿತ್ತು. ಹದಿನಾರು ಪೆಟ್ಟು ಉಳಿಸಬಹುದಾಗಿದ್ದ ಉಪಾಯ ಕ್ಯಾಂಪಿನ ಮೂಲೆಯ ತಗಡಿನ ಮನೆಯಲ್ಲಿ ರೊಟ್ಟಿ ಬಡಿಯುತ್ತ ಕುಳಿತಿತ್ತೆಂದು ಅವರಿಗೆ ಈಗ ಹೊಳೆಯುತ್ತಿತ್ತು.

ಸಿದ್ದರಾಯ ತೆಗ್ಗಿನ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಗರಸು ನೆಲವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಒಳಗೆ ಇಳಿದಾಗ ಕೈ ಅವನ ಮಾತು ಕೇಳುತ್ತಿತ್ತು. ಮೊದಲನೆಯ ಚೆಂಡು ಏರಿನಲ್ಲಿತ್ತು, ಅವನ ಗಿಡ್ಡ ಕಾಲಿಗೆ ಹೇಳಿ ಮಾಡಿಸಿದ ಜಾಗ. ಹೆಗಲನ್ನು ಏರಿನ ಓರೆಗೆ ಹೊಂದಿಸಿ ಬೀಸಿದ. ಮರಳು ಸೆರಗು ಕೊಡವಿದಂತೆ ಎದ್ದಿತು, ಚೆಂಡು ಬ್ರೌನಿನ ನಡುವೆ ಬಿದ್ದು ಅಲ್ಲಿಯೇ ಉಳಿಯಿತು. ಪಾದಕ್ಕಿಂತ ಮೇಲಿದ್ದ ಎರಡನೆಯದಕ್ಕೆ ಕೋಲನ್ನು ಮೋಟಾಗಿ ಹಿಡಿದ. ಪಾದಕ್ಕಿಂತ ಕೆಳಗಿದ್ದ ಮೂರನೆಯದಕ್ಕೆ ಮೊಣಕಾಲು ಮಡಿಸಿ ಕುಳಿತಂತೆ ನಿಂತು, ಹೊಡೆದು ಮುಗಿಯುವವರೆಗೂ ಎದ್ದೇಳಲಿಲ್ಲ. ಅದು ಬ್ರೌನಿನ ತೀರ ಅಂಚಿಗೆ ಬಿದ್ದು, ಉರುಳಿ, ಹೊರಗೆ ಹೋಗಲೋ ಬೇಡವೋ ಎಂದು ಯೋಚಿಸಿ, ಒಳಗೇ ಉಳಿಯಿತು. ಯಾಕೂಬಸಾಬ ಟ್ಯಾಂಕರಿನ ಗಾಲಿಯನ್ನು ಮರೆತು ಹತ್ತಿರ ಬಂದಿದ್ದ.

ಉಳಿದದ್ದು ನಾಲ್ಕನೆಯದು.

ಆ ಚೆಂಡು ತೆಗ್ಗಿನ ಹಿಂಬದಿಯ ಇಳಿಜಾರಿನಲ್ಲಿತ್ತು. ಅದಕ್ಕೆ ಹೊಡೆಯಬೇಕಾದರೆ ಬಲಗಾಲು ಮೇಲೆ, ಎಡಗಾಲು ಕೆಳಗೆ. ಎಲ್ಲರಿಗೂ ಕಷ್ಟದ ಜಾಗ. ಎಡಗಾಲು ಗಿಡ್ಡವಾದವನಿಗೆ ಕಷ್ಟದ ಮೇಲೆ ಕಷ್ಟ. ಬೇರೆಯವರಿಗೆ ಇಂಥದನ್ನು ಹೇಗೆ ಹೊಡೆಯಬೇಕೆಂದು ಸಿದ್ದರಾಯ ನೂರು ಸಲ ಹೇಳಿಕೊಟ್ಟಿದ್ದ. ತಾನೇ ಹೊಡೆಯಲು ಹೋದಾಗ ಪ್ರತಿಸಲವೂ ಮುಂದಕ್ಕೆ ಮುಗ್ಗರಿಸಿದ್ದ, ಕೋಲು ಮರಳಿಗೆ ಮೊದಲೇ ತಾಗಿ ಪುಟಿದಿತ್ತು. ಸಂಗಮೇಶ ಸಾಹೇಬರಿಗೆ ಇದು ಗೊತ್ತಿತ್ತು. ಅವರು ಬಾಯಿಯವರ ಕಡೆ ಬಾಗಿ ಮೆಲ್ಲಗೆ, "ಇದೊಂದು ಬಿಡ್ರಿ, ಅವನ ಕಾಲು ನೋಡೀರಲ್ಲ," ಎಂದರು.

"ನಮ್ಮ ಮೈದಾನದಾಗ ಅಂಥಾ ಮೂರು ತೆಗ್ಗು ಅದಾವ್ರಿ ಸಾಹೇಬ್ರ. ಬಿಟ್ಟರ ಹೆಂಗ?"

ಸಿದ್ದರಾಯ ನಿಂತು ನೋಡಿದ, ವಾಲಿದ. ಪಾದ ಅಗಲಿಸಿದ, ಇನ್ನೂ ವಾಲಿದ. ಬಲಗಾಲನ್ನು ಮರಳಿನಲ್ಲಿ ಹುಗಿದ. ಮರಳು ಜಾರಿ ಕಾಲು ಮತ್ತೆ ಮೇಲೆ ಬಂತು. ಪುಣೆಯವನ ಮುಖವನ್ನು ಅವನು ನೋಡಿರಲಿಲ್ಲ, ಆದರೂ ಅದು ಕಣ್ಣಮುಂದೆ ಬಂತು. ಅದರ ಹಿಂದೆಯೇ ಭಾವಮೈದುನರ ಹಿಂಡು, ಧೂಳು, ಹಿಂದೆ ಉಳಿಯುತ್ತ ಉಳಿಯುತ್ತ ಚಿಕ್ಕದಾಗುವ ತಾನು.

ಹಿಂಡು ನೆನಪಾದದ್ದೇ ಅವನ ಪುಣ್ಯ. ಹಿಂಡಿನಲ್ಲಿ ಉಣ್ಣೆ ಕತ್ತರಿಸುವ ದಿನಗಳೂ ಇದ್ದುವಲ್ಲ. ಹೊಳೆದಂಡೆಯ ಇಳುಕಲಿನಲ್ಲಿ ಕುರಿಯನ್ನು ಕೆಡವಿ, ಮೇಲಿನ ಕಡೆಯ ಮಂಡಿಯನ್ನು ನೆಲಕ್ಕೂರಿ, ಕೆಳಗಿನ ಪಾದವನ್ನು ಗಟ್ಟಿ ಮಾಡಿ, ಕುರಿಯ ಬೆನ್ನಿನ ಓರೆಯನ್ನೇ ಹಿಡಿದು ಕತ್ತರಿ ಆಡಿಸುತ್ತಿದ್ದ. ಹಾಗೆ ಕುಳಿತವನು ಸಂಜೆಯವರೆಗೆ ಕುಳಿತರೂ ಮುಗ್ಗರಿಸಿದ್ದಿಲ್ಲ.

ಅವನು ಬಲ ಮಂಡಿಯನ್ನು ಮರಳಿಗೆ ಊರಿದ.

"ಬಾಯಾರ!" ಎಂದು ಚೀರಿದ ಯಾಕೂಬಸಾಬ, ತಾನು ಸಿದ್ದರಾಯನ ಕಡೆಯವನೆಂಬುದನ್ನೇ ಮರೆತು. "ಉಸುಕಿಗೆ ಮಂಡಿ ಹತ್ತಿತಲ್ರಿ!"

"ನೀ ಯಾರ ಕಡೆಯಾಂವೋ?" ಎಂದಳು ಕಾವೇರಿ.

ವಿದ್ಯಾವತಿಬಾಯಿ ಕೈಚೀಲದಿಂದ ನಿಯಮಗಳ ಸಣ್ಣ ಪುಸ್ತಕ ತೆಗೆದು, ಕನ್ನಡಕ ಏರಿಸಿ, ಬೆರಳಿನಿಂದ ಸಾಲು ಹಿಡಿದು ಓದತೊಡಗಿದರು. ಸಿದ್ದರಾಯ ಮಂಡಿಯೂರಿದವನು ಊರಿದಂತೆಯೇ ಇದ್ದ. ಆ ಒಂದು ನಿಮಿಷದಷ್ಟು ಉದ್ದದ ನಿಮಿಷವನ್ನು ಅವನು ಜೀವಮಾನದಲ್ಲಿ ಕಂಡಿರಲಿಲ್ಲ.

"ಕೈ ಅಂತ ಐತಿ," ಎಂದರು ಅವರು ಕೊನೆಗೆ. "ಕೋಲು ಅಂತ ಐತಿ. ಚೆಂಡು ಹೊಡಿಯಾಕ ಹೆಂಗ ನಿಂದ್ರತೀ ಅದು ನಿನಗ ಬಿಟ್ಟದ್ದು. ಮಂಡಿ ಊರಬಾರದಂತ ಎಲ್ಲೂ ಬರದಿಲ್ಲ. ಹೊಡಿ."

ಅವನು ಕೋಲನ್ನು ಅರ್ಧಕ್ಕೆ ಹಿಡಿದ. ಈಗ ಗಿಡ್ಡ ಕಾಲು ಉದ್ದ ಕಾಲು ಎಂಬ ಭೇದವಿರಲಿಲ್ಲ. ಸೊಂಟ ಹೆಗಲು ಎರಡೂ ಇಳಿಜಾರಿನ ಜೊತೆಗೆ ಹೊಂದಿದ್ದುವು. ಕೋಲನ್ನು ಹಿಂದಕ್ಕೆ ಒಯ್ದ, ಇಳಿಜಾರಿನ ಗುಂಟ ಕೆಳಕ್ಕೆ ಬಿಟ್ಟ, ಬಿಟ್ಟದ್ದನ್ನು ತಡೆಯಲಿಲ್ಲ. ಕತ್ತರಿ ಉಣ್ಣೆಯೊಳಗೆ ಹೋದಂತೆ ಅದು ಮರಳಿನೊಳಗೆ ಹೋಯಿತು. ಚೆಂಡು ಎತ್ತರಕ್ಕೆ ಹಾರಲಿಲ್ಲ. ತೆಗ್ಗಿನ ಎದುರಂಚನ್ನು ಒಂದು ಗೇಣು ಬಿಟ್ಟು ದಾಟಿ, ಬ್ರೌನಿಗೆ ಬಿದ್ದು, ಓಡಿತು. ಓಡಿತು, ಓಡಿತು. ಕಾವೇರಿ ಬುಟ್ಟಿ ಹಿಡಿದ ಕೈಯನ್ನು ಬಿಗಿ ಮಾಡಿದಳು. ಕುಳಿಯ ಬಾವುಟದ ಕಂಬಕ್ಕೆ ತಗುಲಿ ಟಣ್ ಎಂದು ಸದ್ದಾಯಿತು. ಚೆಂಡು ಕಂಬದ ಬುಡದಲ್ಲೇ ನಿಂತಿತು.

ಸಿದ್ದರಾಯ ಏಳಲಿಲ್ಲ. ಆ ಸುದ್ದಿ ಕೇಳಿದಂದಿನಿಂದ ಪಕ್ಕೆಲುಬಿನ ಕೆಳಗೆ ಗಂಟು ಕಟ್ಟಿಕೊಂಡಿದ್ದ ಉಸಿರು ಒಮ್ಮೆಲೇ ಬಿಚ್ಚಿ ಹೊರಬಂದು, ಮೈಯೆಲ್ಲ ಹಗುರಾಗಿ, ಎದ್ದರೆ ಎಲ್ಲಿ ಹಾರಿಬಿಡುವೆನೋ ಎಂಬಂತೆ ಮರಳಿನಲ್ಲಿಯೇ ಕುಳಿತುಬಿಟ್ಟ. ಈಗ ಎರಡೂ ಕೈಗಳು ಮರಳಿನಲ್ಲಿದ್ದುವು. ಯಾರೂ ದಂಡದ ಮಾತೆತ್ತಲಿಲ್ಲ.

"ಮೊದಲಿನ ಮೂರು ನೋಡಾಕ ಬಂದಿದ್ದೆ," ಎಂದರು ವಿದ್ಯಾವತಿಬಾಯಿ, ಪುಸ್ತಕ ಮಡಿಚುತ್ತ. "ಈ ನಾಲ್ಕನೇದನ್ನ ನನ್ನ ಜೀವದಾಗ ನೋಡಿರಲಿಲ್ಲ. ಜನವರಿ ಒಂದಕ್ಕ ಬಂದುಬಿಡು ತಮ್ಮಾ. ನಿನ್ನ ಹೇಣ್ತಿನ್ನ ಬಿಟ್ಟು ಬರಬ್ಯಾಡ ಮತ್ತ. ನಮ್ಮ ಕಮಿಟಿಯಾಗ ಆಕಿಯಷ್ಟು ಬುದ್ಧಿ ಇದ್ದವರು ಒಬ್ಬರೂ ಇಲ್ಲ."

ಸಂಗಮೇಶ ಸಾಹೇಬರು ತೆಗ್ಗಿನ ಅಂಚಿಗೆ ಬಂದು ಕೈ ಚಾಚಿದರು. ಎಬ್ಬಿಸುತ್ತ, ಅವನಿಗೆ ಮಾತ್ರ ಕೇಳುವಂತೆ ಹೇಳಿದರು: "ಆ ಪಟ್ಟಿ ಬರಿಯಾಕ ಕುಂತು ಎಂಟು ದಿನ ಆತೋ. ನಿನ್ನ ಹೆಸರಿನ ಹಂತೇಕ ಬಂದು ಪೆನ್ನು ನಿಂತುಬಿಡ್ತಿತ್ತು. ನನಗೂ ಇವತ್ತ ರಾತ್ರಿ ನಿದ್ದಿ ಬರ್ತೈತಿ."

"ಸಿಟ್ಟಿರಲಿಲ್ಲೇನ್ರಿ ಸಾಹೇಬ್ರ, ಹದಿನಾರು ಪೆಟ್ಟಿಂದು?"

"ಇತ್ತು. ನಿನ್ನ ಮ್ಯಾಲಲ್ಲ. ಪುಸ್ತಕ ಓದಲಾರದ ಆಡಾಕ ಹೋದ ನನ್ನ ಮ್ಯಾಲ."

ಆ ಮಧ್ಯಾಹ್ನ ಐವರೂ ಟ್ಯಾಂಕರಿನ ನೆರಳಿನಲ್ಲಿ ಕುಳಿತು ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ ಬದನೆಕಾಯಿ ಉಂಡರು. ವಿದ್ಯಾವತಿಬಾಯಿ ಮೂರು ರೊಟ್ಟಿ ಉಂಡು, ನಾಲ್ಕನೆಯದನ್ನು ದಾರಿಗೆಂದು ಕಾಗದದಲ್ಲಿ ಕಟ್ಟಿಸಿಕೊಂಡರು.

ಡಿಸೆಂಬರಿನ ಕೊನೆಯ ದಿನ ಬೆಳಿಗ್ಗೆ ಕಾವೇರಿ ಟ್ರಂಕಿನಲ್ಲಿ ಬಟ್ಟೆ ಒತ್ತಿ ತುಂಬಿ, ಅದು ಮುಚ್ಚದಿದ್ದಾಗ ಮೇಲೆ ತಾನೇ ಕುಳಿತಳು. ಸಿದ್ದರಾಯ ಚಿಲಕ ಹಾಕಿದ. ಎರಡು ಕೌದಿಗಳನ್ನು ಸುರುಳಿ ಸುತ್ತಿ ಹಗ್ಗ ಬಿಗಿದ. ನಾಲ್ಕು ಕೋಲುಗಳನ್ನು ಗೋಣಿಚೀಲದಲ್ಲಿ ಹಾಕಿ ಬಾಯಿ ಹೊಲಿದ. ಒಲೆಯ ಬೂದಿಯನ್ನು ತೆಗೆದು ಚೆಲ್ಲಿ, ತಗಡಿನ ಬಾಗಿಲಿನ ಕೀಲಿಯನ್ನು ಆಫೀಸಿನ ಜವಾನನ ಕೈಗೆ ಕೊಟ್ಟ. ಯಾಕೂಬಸಾಬ ನಿಡಗುಂದಿ ಕ್ರಾಸಿನವರೆಗೆ ಟ್ಯಾಂಕರಿನಲ್ಲಿ ಕರೆತಂದು, ಬಾಗಲಕೋಟೆಯ ಬಸ್ಸಿನ ನೆತ್ತಿಗೆ ಟ್ರಂಕು ಏರಿಸಿದ.

"ಬೆಳಗಾವ್ಯಾಗ ಕುಂದಾ ಛಲೋ ಸಿಗ್ತೈತಂತ," ಎಂದ ಅವನು ಕೆಳಗಿಳಿದು, ಬೇರೆ ಕಡೆ ನೋಡುತ್ತ. "ಬರೂಮುಂದ ಒಂದು ಕಿಲೋ ತಗೊಂಡು ಬಾ."

"ನೀನ ಬಾ. ಅಲ್ಲೇ ಕುಂತು ತಿನ್ನೂಣು."

ಕಂಡಕ್ಟರ್ ಸೀಟಿ ಊದಿದ. ಸಿದ್ದರಾಯ ಗೋಣಿಚೀಲವನ್ನು ಕಾಲುಗಳ ನಡುವೆ ನಿಲ್ಲಿಸಿಕೊಂಡು ಕಿಟಕಿಯ ಪಕ್ಕ ಕುಳಿತ, ಕಾವೇರಿ ಬುತ್ತಿಯನ್ನು ತೊಡೆಯ ಮೇಲಿಟ್ಟುಕೊಂಡಳು, ಬಸ್ಸು ಹೊರಟಿತು.